ಏರಿಸಿದ ಕಾಗದ

ಕಳೆದ ಭಾನುವಾರ ಟ್ರಂಕಿನಿಂದ ಸ್ವೆಟರ್ ತೆಗೆಯಲು ಹೋದಾಗ ಅದರ ಅಡಿಯಲ್ಲಿ ನಾಲ್ಕು ಮಡಿಕೆ ಹಾಕಿದ್ದ ಒಂದು ಬಟ್ಟೆ ಕೈಗೆ ಸಿಕ್ಕಿತು. ನೀಲಿ ಹತ್ತಿಸೀರೆಯೊಂದನ್ನು ಕತ್ತರಿಸಿ ಗವಸಿನಂತೆ ಹೊಲಿದದ್ದು. ಕೆಳಗೆ ಸುತ್ತಲೂ ಸಾಸಿವೆ ಬಣ್ಣದ ಅಂಚು. ಬಿಡಿಸಿದ ಕೂಡಲೇ ಎಣ್ಣೆಯ ವಾಸನೆ ಬಂತು. ಹೊಲಿಗೆ ಮೆಷಿನ್ನಿಗೆ ಬಿಡುತ್ತಾರಲ್ಲ, ಆ ಎಣ್ಣೆ. ಇಷ್ಟು ದಿನ ನುಸಿಗುಳಿಗೆಯ ಜೊತೆ ಬಿದ್ದಿದ್ದರೂ ಆ ವಾಸನೆ ಹೋಗಿರಲಿಲ್ಲ.

ಅದು ಕಂಪ್ಯೂಟರಿಗೆ ಹೊದಿಸುವ ಕವರು. ಹೊಲಿದವರು ಪಾಂಡವಪುರದ ನಮ್ಮ ಕಚೇರಿಯಲ್ಲಿದ್ದ ಟೈಪಿಸ್ಟ್ ಮೇಡಂ.

ನಾನು ಹೈಸ್ಕೂಲಿನಿಂದ ಡೈರಿ ಬರೆಯುವವಳು. ತಾರೀಖು, ಎದ್ದ ಹೊತ್ತು, ಹತ್ತಿದ ಬಸ್ಸು, ಓದಿದ ಪುಟ, ಎಲ್ಲಕ್ಕೂ ಒಂದೊಂದು ಕಲಮು. ನಮ್ಮೂರು ಕಿಕ್ಕೇರಿ ಬಿಟ್ಟು ತೊಂಬತ್ತಾರರಲ್ಲಿ ಪಾಂಡವಪುರದ ಒಂದು ಸಹಕಾರ ಸಂಘದ ಕಚೇರಿಗೆ ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಕಲಮು ಸೇರಿಸಿದೆ: ‘ಮಾತು’. ಕೆಲಸದ ವಿಷಯ ಬಿಟ್ಟು ಆ ದಿನ ನನ್ನೊಡನೆ ಎಷ್ಟು ಜನ ಮಾತಾಡಿದರು ಎಂಬ ಲೆಕ್ಕ. ಒಬ್ಬರ ಮನೆಯ ಮಹಡಿಯ ಮೇಲೆ ಒಂದು ರೂಮು ಹಿಡಿದಿದ್ದೆ. ಕೆಳಗಿನವರು ಒಳ್ಳೆಯವರೇ, ಆದರೆ ಸಂಜೆ ಏಳಕ್ಕೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಮೇಲೆ ನನ್ನ ಸ್ಟವ್ವಿನ ಸದ್ದು, ನಾನು. ಆ ಮೊದಲ ತಿಂಗಳ ಪುಟಗಳನ್ನು ಈಗ ತಿರುವಿದರೆ ‘ಮಾತು’ ಕಲಮಿನಲ್ಲಿ ಬರೀ ಸೊನ್ನೆಗಳು, ರಂಗೋಲಿಗೆ ಇಟ್ಟ ಚುಕ್ಕಿಗಳ ಹಾಗೆ ಮೇಲಿಂದ ಕೆಳಗಿನವರೆಗೆ.

ಮೊದಲ ಸಲ ಅಲ್ಲಿ ‘ಒಂದು’ ಅಂತ ಬಿದ್ದದ್ದು ಮೇಡಂ ದೆಸೆಯಿಂದ. ಮಧ್ಯಾಹ್ನ ನಾನು ಒಬ್ಬಳೇ ಕಿಟಕಿಗೆ ಮುಖ ಮಾಡಿ ಡಬ್ಬಿ ತೆರೆದಿದ್ದೆ. ಹಿಂದಿನಿಂದ ಬಂದು, “ಗೋಡೆಗೆ ಬಡಿಸ್ತಾ ಇದೀಯೇನೇ ಹುಡುಗಿ? ಬಾ ಈ ಕಡೆ, ಗೊಜ್ಜಿದೆ” ಎಂದರು. ಅಷ್ಟೇ. ಮರುದಿನದಿಂದ ನನ್ನ ಡಬ್ಬಿ ಅವರ ಮೇಜಿನ ಮೇಲೆ ತೆರೆಯಿತು.

ಅವರಿಗೆ ಆಗ ಐವತ್ತರ ಹತ್ತಿರ. ಶ್ರೀರಂಗಪಟ್ಟಣದ ಗುಡಿಯ ಕಡೆಯ ಮನೆತನದವರು. ದಿನಾ ಬೆಳಿಗ್ಗೆ ಅಲ್ಲಿಂದ ಬಸ್ಸಿನಲ್ಲಿ ಬಂದು ಸಂಜೆ ಐದೂಕಾಲರ ಮೈಸೂರು ಬಸ್ಸಿಗೆ ವಾಪಸ್ಸು. ಇಪ್ಪತ್ತನಾಲ್ಕು ವರ್ಷ ಒಂದೇ ಟೈಪ್‌ರೈಟರಿನ ಮುಂದೆ ಕೂತಿದ್ದರು. ಬಂದೊಡನೆ ಅದರ ಕವರು ತೆಗೆದು ಮಡಚಿ ಡ್ರಾಯರಿಗೆ ಹಾಕುವುದು, ಕೋಳಿಗರಿಯಿಂದ ಎಣ್ಣೆ ಮುಟ್ಟಿಸುವುದು, ಕಾಗದ, ಕಾರ್ಬನ್ನು, ಕಾಗದ ಜೋಡಿಸಿ ತಟ್ಟಿ ರೋಲರಿಗೆ ಏರಿಸಿ ಅಂಚು ಸರಿನೋಡುವುದು. ಆಮೇಲೆ ಕರಡನ್ನು ಮೊದಲಿಂದ ಕೊನೆಯವರೆಗೆ ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಓದಿ ಮುಗಿಸಿ ಒಮ್ಮೆ ಬೆರಳು ನೀವಿಕೊಂಡು ಹೊಡೆಯಲು ಶುರುಮಾಡಿದರೆ ಮಧ್ಯೆ ನಿಲ್ಲಿಸುತ್ತಿರಲಿಲ್ಲ. ಯಾರಾದರೂ ಕರೆದು ಏಳಲೇಬೇಕಾದರೆ ಕಾಗದವನ್ನು ಹಾಗೇ ಬಿಟ್ಟು ಏಳುತ್ತಿದ್ದರು. ಬೇರೆಯವರು ಅವಸರಕ್ಕೆ ಆ ಯಂತ್ರ ಕೇಳಿದರೂ ಕೊಡುತ್ತಿರಲಿಲ್ಲ.

“ಏರಿಸಿದ ಕಾಗದ ಮುಗಿಯೋವರೆಗೂ ಇಳಿಸಬಾರದು ಕಣೇ. ಮತ್ತೆ ಏರಿಸಿದ್ರೆ ಸಾಲು ಕೂಡಲ್ಲ. ಒಂದು ಕೂದಲಷ್ಟಾದ್ರೂ ಆಚೀಚೆ ಆಗೇ ಆಗುತ್ತೆ. ನೋಡಿದೋರಿಗೆ ಗೊತ್ತಾಗ್ಬಿಡುತ್ತೆ, ಇಲ್ಲಿ ಎದ್ದು ಹೋಗಿದ್ಲು ಅಂತ.”

ನಮ್ಮ ಕಚೇರಿಗೆ ಕಂಪ್ಯೂಟರು ಬಂದದ್ದು ಆ ವರ್ಷ ಗಣೇಶನ ಹಬ್ಬ ಕಳೆದ ಮೇಲೆ. ಒಂದೇ ಒಂದು. ಮೈಸೂರಿನಲ್ಲಿ ಆರು ತಿಂಗಳು ಕಲಿತಿದ್ದೆನೆಂದು ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಕಚೇರಿಯ ಇಬ್ಬರು ಟೈಪಿಸ್ಟರಿಗೆ ಕಲಿಸುವುದೂ ನನ್ನ ಪಾಲಿಗೇ. ಒಬ್ಬರು ಮೇಡಂ. ಇನ್ನೊಬ್ಬ ಚಿನಕುರಳಿ ಕಡೆಯ ಹುಡುಗ, ಹಿಂದಿನ ವರ್ಷ ಮದುವೆಯಾಗಿತ್ತು, ಹೆಂಡತಿಗೆ ಆಗ ಐದು ತಿಂಗಳು. ಅವನು ಎರಡೇ ದಿನದಲ್ಲಿ ಕಲಿತ. ಮೇಡಂ ಮೊದಲ ದಿನ ಕನ್ನಡಕ ಏರಿಸಿ ಪೆಟ್ಟಿಗೆಯ ಸುತ್ತ ನೋಡಿದರು.

“ಇದಕ್ಕೆ ಕಾಗದ ಎಲ್ಲಿಂದ ಏರಿಸೋದೇ?”

ನಾನು ಹೊಸ ಫೈಲು ತೆರೆದೆ. ಪರದೆಯ ಮೇಲೆ ಬಿಳಿ ಹಾಳೆ ಮೂಡಿತು. “ಇದೇ ಕಾಗದ ಮೇಡಂ” ಎಂದೆ.

“ಹಾಂ” ಎಂದು ಅವರು ಬೆರಳು ನೀವಿಕೊಂಡರು. ಮಾರನೆಯ ವಾರ ಮನೆಯಿಂದ ಈ ನೀಲಿ ಕವರು ಹೊಲಿದು ತಂದರು. ಟೈಪ್‌ರೈಟರಿನದಕ್ಕೂ ಇದಕ್ಕೂ ಒಂದೇ ಸೀರೆ. ಎರಡನ್ನೂ ಒಂದೇ ಡ್ರಾಯರಿನಲ್ಲಿ ಇಡುತ್ತಿದ್ದರು. ಎಣ್ಣೆಯ ವಾಸನೆ ಇದಕ್ಕೆ ಹತ್ತಿದ್ದು ಹಾಗೆ.

ಒಂದು ಶನಿವಾರ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಅವರದು ಯಾವಾಗಲೂ ಎಡಗಡೆಯ ಮೂರನೇ ಕಿಟಕಿ. ಕಂಡಕ್ಟರು ಅಲ್ಲಿ ಬೇರೆಯವರನ್ನು ಕೂರಿಸುತ್ತಿರಲಿಲ್ಲ. ಏಕೆಂದು ಶ್ರೀರಂಗಪಟ್ಟಣ ತಲುಪಿದಾಗ ಗೊತ್ತಾಯಿತು. ಬಸ್ಸು ಇನ್ನೂ ನಿಂತಿರಲಿಲ್ಲ, ಪಟ್ಟೆ ಅಂಗಿಯ, ಕೆನ್ನೆಯ ಬಳಿ ಕೂದಲು ನೆರೆತ ಒಬ್ಬ ಗಂಡಸು ಮೂರನೇ ಕಿಟಕಿಯ ಜೊತೆಜೊತೆಗೇ ಓಡಿ ಬಂದ. “ಅಕ್ಕ ಬಂದ್ಲು! ಅಕ್ಕ ಬಂದ್ಲು!” ಎಂದು ನಿಂತಿದ್ದವರಿಗೆಲ್ಲ ಸಾರಿದ. ಹೂ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತದೆ, “ಬಂದ್ಲು ಕಣಪ್ಪಾ, ಬಂದ್ಲು” ಎಂದಳು. ದಿನದ ಮಾತಿರಬೇಕು.

ಅವರು ಮೇಡಂ ಅವರ ತಮ್ಮ. ನಲವತ್ತು ದಾಟಿತ್ತು, ಬುದ್ಧಿ ಆರೇಳು ವರ್ಷದ ಮಗುವಿನದು. ಮೇಡಂ ಇಳಿದೊಡನೆ ಕೈಯಿಂದ ಊಟದ ಕ್ಯಾರಿಯರ್ ಇಸಿದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದು ಬರಲಿಲ್ಲ.

“ಖಾಲಿ” ಎಂದರು ಸಮಾಧಾನದಿಂದ. ಅಕ್ಕ ಊಟ ಬಿಟ್ಟಿದ್ದರೆ ಜಗಳವಂತೆ. ಆಮೇಲೆ ನನ್ನನ್ನು ನೋಡಿದರು. “ಇವ್ಳ್ಯಾರು?”

“ನಮ್ಮ ಆಫೀಸಿನೋಳು ಕಣೋ.”

“ಇವ್ಳಿಗೆ ಯಾರು ಕಾಯ್ತಾರೆ?”

“ಸುಮ್ನೆ ನಡಿಯೋ” ಎಂದು ಮೇಡಂ ಅವರ ತೋಳು ಹಿಡಿದರು. ನಾನು ನಕ್ಕು, “ಯಾರೂ ಇಲ್ಲ” ಎಂದೆ. ಅವರು ನಿಂತೇ ಬಿಟ್ಟರು. ಬಹಳ ಹೊತ್ತು ಯೋಚಿಸಿದಂತೆ ಹುಬ್ಬು ಗಂಟು ಹಾಕಿ, “ಸರಿ ಬಿಡು. ನಾಳೆಯಿಂದ ನಾನೇ ಕಾಯ್ತೀನಿ” ಎಂದರು.

ಆ ದಿನ ಡೈರಿಯಲ್ಲಿ ‘ಎರಡು’ ಎಂದು ಬರೆದೆ. ಬರೆದು ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದೆ...

ನವೆಂಬರಿನಲ್ಲಿ ಸುದ್ದಿ ಬಂತು. ನಾಗಮಂಗಲದ ಶಾಖೆಯಲ್ಲಿ ಟೈಪಿಸ್ಟ್ ಇಲ್ಲ, ಸಂಕ್ರಾಂತಿಯೊಳಗೆ ಇಲ್ಲಿಂದ ಒಬ್ಬರು ತಮ್ಮ ಯಂತ್ರದ ಸಮೇತ ಅಲ್ಲಿಗೆ ಹೋಗಬೇಕು. ಕಂಪ್ಯೂಟರಿನಲ್ಲಿ ಬೇಗ ಕೆಲಸ ಮಾಡುವವರು ಇಲ್ಲೇ ಉಳಿಯುತ್ತಾರೆ. ಯಾರು ಬೇಗ ಎಂದು ಸಂಘದ ಕಾರ್ಯದರ್ಶಿಯವರು ಹೇಗೆ ತೀರ್ಮಾನಿಸುತ್ತಾರೋ ಎಂದು ಎಲ್ಲರೂ ಯೋಚಿಸುತ್ತಿರುವಾಗ ಅವರೇ ದಾರಿ ಕಂಡುಹಿಡಿದರು. ಫೈಲಿನ ವಿವರ ತೋರಿಸುವ ಪುಟ್ಟ ಚೌಕವನ್ನು ನಾನೊಮ್ಮೆ ತೆರೆದಾಗ ಅವರು ಹಿಂದೆಯೇ ನಿಂತಿದ್ದರು. ಎಷ್ಟು ಪದ, ಎಷ್ಟು ಸಾಲು ಎಂಬುದರ ಜೊತೆ ಆ ಪತ್ರವನ್ನು ಬರೆದು ತಿದ್ದಲು ಒಟ್ಟು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನೂ ಕಂಪ್ಯೂಟರು ತಾನೇ ಲೆಕ್ಕ ಇಟ್ಟುಕೊಂಡಿರುತ್ತಿತ್ತು.

“ಇದೇನಮ್ಮಾ ಇದು, ನಿಮಿಷ ಅಂತ ಐತೆ?” ಎಂದರು. ಹೇಳಿದೆ. ಅವರ ಮುಖ ಅರಳಿತು. ರೈತರ ಮನೆಯಿಂದ ಬಂದವರು, ಎಲ್ಲವನ್ನೂ ಕಬ್ಬಿನ ಮಾತಿನಲ್ಲಿ ಹೇಳುವುದು ಅಭ್ಯಾಸ. “ಸರಿಹೋಯ್ತು ಬುಡು! ಫ್ಯಾಕ್ಟ್ರೀಲಿ ಕಬ್ಬಿನ ಗಾಡಿ ತೂಗೋ ಕಾಟಾ ಇದ್ದಂಗೆ ಇದು. ಯಾರು ಎಷ್ಟು ಅಂತ ನಾನ್ಯಾಕೆ ಬಾಯಲ್ಲಿ ಹೇಳಿ ಕೆಟ್ಟೋನಾಗ್ಲಿ? ಕಾಟಾ ಹೇಳ್ತದೆ. ಶನಿವಾರ ಶನಿವಾರ ಇಬ್ಬರದೂ ಬರ್ಕೊಂಡು ನಂಗೆ ಕೊಡು.”

ಮೇಡಂ ಅಂದು ಊಟದ ಹೊತ್ತಿಗೆ ಬಸ್ಸಿನ ಲೆಕ್ಕ ಹಾಕಿದರು. ನಾಗಮಂಗಲದಿಂದ ಐದೂವರೆಗೆ ಹೊರಟರೂ ಊರು ಸೇರುವಾಗ ಎಂಟು.

“ಎಂಟರವರೆಗೂ ನಿಂತಿರ್ತಾನೆ ಕಣೇ. ಹೇಳಿದ್ರೆ ಅರ್ಥ ಆಗಲ್ಲ. ಅವನಿಗೆ ಗಡಿಯಾರ ಅಂದ್ರೆ ಈ ಬಸ್ಸೇ. ಬಸ್ಸು ಬಂತು, ಅಕ್ಕ ಬಂದ್ಲು. ಬಸ್ಸು ಬಂದು ಅಕ್ಕ ಬರ್ಲಿಲ್ಲ ಅಂದ್ರೆ...” ಮೊಸರನ್ನ ಕಲಸತೊಡಗಿದರು.

“ನಾಗಮಂಗಲದಲ್ಲೇ ಮನೆ ಮಾಡಿದ್ರೆ ಮೇಡಂ?”

“ಹಾಸನದಲ್ಲಿ ನಮ್ಮಣ್ಣ ಇದಾನೆ. ಅವನ ಮಗಳ ಮದುವೆಗೆ ಅಂತ ನಾಲ್ಕು ದಿನ ಕರ್ಕೊಂಡು ಹೋಗಿದ್ದೆ. ನಾಲ್ಕು ದಿನವೂ ಇವನು ತುತ್ತು ಮುಟ್ಟಲಿಲ್ಲ. ಊರು ಬಿಟ್ರೆ ಅವನು ಅವನಾಗಿರಲ್ಲ.”

ಮೊದಲ ಶನಿವಾರ ನಾನು ಫೈಲುಗಳನ್ನು ಒಂದೊಂದಾಗಿ ತೆರೆದು ನಿಮಿಷಗಳನ್ನು ಬರೆದುಕೊಂಡೆ. ಹುಡುಗನ ಪತ್ರಗಳು ಹತ್ತು, ಹದಿನಾಲ್ಕು, ಒಂಬತ್ತು. ಮೇಡಂ ಅವರವು ಎಪ್ಪತ್ತು, ನೂರಹತ್ತು. ಐದು ಸಾಲಿನ ಒಂದು ಜ್ಞಾಪನಕ್ಕೆ ಎರಡು ಗಂಟೆಯ ಮೇಲೆ. ತಪ್ಪು ಓದಿದೆನೇನೋ ಎಂದು ಮತ್ತೆ ತೆರೆದೆ. ಅದೇ ಇತ್ತು. ಕಾರ್ಯದರ್ಶಿಯವರು ಪಟ್ಟಿ ನೋಡಿ ಲೊಚಗುಟ್ಟಿದರು. “ಪಾಪ, ವಯಸ್ಸಾಯ್ತು. ಏನ್ ಮಾಡಕಾಯ್ತದೆ?”

ವಯಸ್ಸಿನದಲ್ಲ ಎಂದು ನನಗೆ ಗೊತ್ತಿತ್ತು. ಅವರ ಬೆರಳುಗಳ ವೇಗ ದಿನಾ ಕಿವಿಯಿಂದ ಕೇಳುತ್ತಿದ್ದೆ. ಸೋಮವಾರ ನನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕೂತೆ. ಅವರು ಕವರು ತೆಗೆದು ಮಡಚಿದರು, ಹೊಸ ಫೈಲು ತೆರೆದರು, ಆಮೇಲೆ ಕರಡನ್ನು ಕೈಗೆತ್ತಿಕೊಂಡು ತುಟಿ ಅಲ್ಲಾಡಿಸುತ್ತ ಓದತೊಡಗಿದರು. ಒಳಗಿನಿಂದ ಕರೆ ಬಂತು, ಫೈಲು ತೆರೆದೇ ಇತ್ತು, ಎದ್ದು ಹೋದರು. ಬಂದು ಎರಡು ಪ್ಯಾರಾ ಹೊಡೆದರು. ಟೀ ಬಂತು, ಎದ್ದು ವರಾಂಡಕ್ಕೆ ಹೋದರು. ಊಟಕ್ಕೂ ಹಾಗೇ. ನಾವು ಗೊಜ್ಜು ಹಂಚಿಕೊಂಡು ಉಣ್ಣುವಷ್ಟು ಹೊತ್ತೂ ಆ ಕಡೆ ಪರದೆಯ ಮೇಲೆ ಅರ್ಧ ಪತ್ರ ತೆರೆದುಕೊಂಡು ನಿಮಿಷಗಳನ್ನು ಎಣಿಸುತ್ತಿತ್ತು. ಹುಡುಗನಾದರೋ ಎದ್ದಾಗಲೆಲ್ಲ ಮುಚ್ಚಿ ಏಳುತ್ತಿದ್ದ.

“ಮೇಡಂ, ಏಳುವಾಗ ಇದನ್ನ ಮುಚ್ಚಿ ಏಳಿ.”

“ಮುಗಿದಿಲ್ವಲ್ಲೇ!”

“ಮುಗಿಯದಿದ್ರೂ ಮುಚ್ಚಬಹುದು.”

“ಏರಿಸಿದ ಕಾಗದ...” ಎಂದು ಶುರುಮಾಡಿದರು. ನಾನು ಸೇವ್ ಮಾಡಿ ಮುಚ್ಚಿ ಮತ್ತೆ ತೆರೆದು ತೋರಿಸಿದೆ. ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಸಾಲಿನ ಮೇಲೆ ಬೆರಳಿಟ್ಟು ಎಳೆದರು. ಎಡ ಅಂಚು ನೋಡಿದರು. ಕೂದಲಷ್ಟೂ ಆಚೀಚೆ ಆಗಿರಲಿಲ್ಲ.

“ಎದ್ದು ಹೋಗಿದ್ದು ಯಾರಿಗೂ ಗೊತ್ತೇ ಆಗಲ್ವೇನೇ?” ಎಂದರು. ಅದರಲ್ಲಿ ಸಂತೋಷವಿತ್ತೋ ಬೇಸರವಿತ್ತೋ ಇವತ್ತಿಗೂ ನನಗೆ ತಿಳಿಯದು.

ಟೀ ಲೋಟ ಎತ್ತಲು ಬಂದಿದ್ದ ಅಟೆಂಡರ್ ಅಣ್ಣ ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದರು. ಪಾಂಡವಪುರದವರೇ, ಹರೆಯದಲ್ಲಿ ಗಾಡಿಯಲ್ಲಿ ಕಬ್ಬು ಹೊಡೆದವರು. “ಅಲ್ಲಾ ಕಣವ್ವಾ, ಕಾಟಾ ಸುಳ್ಳೇಳಕಿಲ್ಲ, ನಿಜ. ಆದ್ರೆ ಗಾಡಿ ಮೇಲೆ ಆಳು ಕುಂತೇ ಇದ್ರೆ ಅವನ ತೂಕಾನೂ ಕಬ್ಬಿನ ಲೆಕ್ಕುಕ್ಕೇ ಸೇರ್ಕತದಲ್ವಾ? ಮೊದ್ಲು ಇಳ್ಕಳಲಾ ಅನ್ಬೇಕು!”

ನಾನು ಆ ಮಾತನ್ನೇ ಕಾರ್ಯದರ್ಶಿಯವರ ಮುಂದೆ ಹೇಳಿದೆ. ಬೇರೆ ಯಾವ ಮಾತು ಹೇಳಿದ್ದರೂ ಅವರಿಗೆ ಹಿಡಿಸುತ್ತಿರಲಿಲ್ಲವೇನೋ. ಅವರು ಮೇಜು ಕುಟ್ಟಿ ನಕ್ಕರು. “ಗಾಡಿ ಮೇಲೆ ಆಳು ಕುಂತಿದ್ನಾ? ಅಂಗಾದ್ರೆ ಹಳೇ ತೂಕ ಬ್ಯಾಡ. ಇನ್ನೊಂದ್ಸಲ ಹಾಕವ. ಡಿಸೆಂಬರು ಕೊನೇ ಹದಿನೈದು ದಿವ್ಸ. ಅದೇ ಲೆಕ್ಕ, ಆಮೇಲೆ ಬ್ರಹ್ಮ ಬಂದ್ರೂ ಬದಲಾಯ್ಸಲ್ಲ.”

ಆ ಹದಿನೈದು ದಿನ ನಮ್ಮ ಕಚೇರಿಯಲ್ಲಿ ಒಂದು ಹೊಸ ಆಟ ನಡೆಯಿತು. ಮೇಡಂ ಮೊದಲು ಕರಡು ಓದಿ, ಆಮೇಲೆ ಫೈಲು ತೆರೆಯುವುದನ್ನು ಕಲಿತರು. ಏಳುವಾಗ ಮುಚ್ಚುವುದನ್ನೂ ಕಲಿತರು, ಆದರೆ ಪ್ರತಿ ಸಲವೂ ಮುಖ ಕಿವುಚಿ, “ಇಳಿಸ್ದೆ” ಎಂದು ಗಟ್ಟಿಯಾಗಿ ಹೇಳಿ ಮುಚ್ಚುತ್ತಿದ್ದರು. ಮರೆತು ಎದ್ದರೆ ಅಟೆಂಡರ್ ಅಣ್ಣ ಬಾಗಿಲಲ್ಲೇ ತಡೆಯುತ್ತಿದ್ದರು. “ಮೇಡಮ್ಮೋರೇ, ಗಾಡಿಯಿಂದ ಇಳಿದ್ರಾ? ಇಳಿದ್ಬುಟ್ಟು ಟೀ ಕುಡೀರಿ.” ಚಿನಕುರಳಿಯ ಹುಡುಗನೂ ನಗುತ್ತಿದ್ದ. ಅವನ ನಗು ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದುದನ್ನು ನಾನು ನೋಡಿದೆ. ಅವನಿಗೂ ಉಳಿಯಬೇಕಿತ್ತು. ಮೇಡಂ ಅವರ ನಿಮಿಷಗಳು ಅವನವಕ್ಕೆ ಸಮಕ್ಕೆ ಬಂದು, ಎರಡನೆಯ ವಾರ ಅವನವಕ್ಕಿಂತ ಕೆಳಗಿಳಿದವು. ಅವನು ಹೊಡೆದು ತಿದ್ದುತ್ತಿದ್ದ. ಇವರು ತಿದ್ದುವಂಥದ್ದನ್ನು ಹೊಡೆಯುತ್ತಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನದ ಮೇಲೆ ವಾರ್ಷಿಕ ವರದಿಯ ಕರಡು ಬಂತು. ಹನ್ನೊಂದು ಪುಟ. ಹುಡುಗನಿಗೆ ಅರ್ಧ, ಮೇಡಂಗೆ ಅರ್ಧ ಎಂದಾಯಿತು. ಹುಡುಗ ಮೊದಲು ಕೂತು ಮುಗಿಸಿದ. ಮೇಡಂ ಕೂತಾಗ ನಾಲ್ಕೂಕಾಲು. ಐದಾಯಿತು. ಅಟೆಂಡರ್ ಅಣ್ಣ ಬಂದು, “ಬಸ್ಸಿನ ಹೊತ್ತಾಯ್ತು, ಇಳಿಸ್ಬುಡಿ, ಉಳಿದಿದ್ದು ನಾಳೀಕೆ” ಎಂದರು. ನಾನೂ ಹೇಳಿದೆ.

“ನಾಳೆಗೆ ಲೆಕ್ಕ ಮುಗಿದಿರುತ್ತಲ್ಲೇ. ಇನ್ನೊಂದು ಪುಟ. ಆರೂವರೆಗೆ ಇನ್ನೊಂದು ಬಸ್ಸಿದೆ. ಒಂದು ದಿನ ತಾನೇ...” ಕಣ್ಣು ಕರಡಿನ ಮೇಲೇ ಇತ್ತು, ಬೆರಳು ನಿಲ್ಲಲಿಲ್ಲ.

ಐದೂಕಾಲರ ಬಸ್ಸು ಅವರಿಲ್ಲದೆ ಹೋಯಿತು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಟೆಂಡರ್ ಅಣ್ಣ ಶ್ರೀರಂಗಪಟ್ಟಣಕ್ಕೆ ಹೋಗಿ ಸುದ್ದಿ ತಂದರು. ಆ ಸಂಜೆ ಬಸ್ಸು ಬಂದಾಗ ಮೂರನೇ ಕಿಟಕಿಯಲ್ಲಿ ಬೇರೆ ಯಾರೋ ಇದ್ದರು. ಮೇಡಂ ಅವರ ತಮ್ಮ, ಅಕ್ಕನನ್ನು ಹುಡುಕಲು ಬಸ್ಸು ಹತ್ತಿದರು. ಜನ ತುಂಬಿತ್ತು, ಹಿಂದಿನ ಸೀಟಿನವರೆಗೆ ನುಗ್ಗಿ ನೋಡುತ್ತಿರುವಾಗ ಬಸ್ಸು ಹೊರಟುಬಿಟ್ಟಿತು. ಅಂದು ಕಂಡಕ್ಟರೂ ಹೊಸಬ. ಮುಂದಿನ ಬಸ್ಸಿನಲ್ಲಿ ಮೇಡಂ ಬಂದಿಳಿದಾಗ ಕಿಟಕಿಯ ಜೊತೆ ಯಾರೂ ಓಡಿ ಬರಲಿಲ್ಲ. ಹೂವಿನ ಹೆಂಗಸು, “ನಿಮ್ಮನ್ನ ನೋಡ್ತೀನಿ ಅಂತ ಬಸ್ ಅತ್ತಿದ್ರಲ್ಲವ್ವಾ” ಎಂದಳಂತೆ.

ಮೂರನೆಯ ದಿನ ತಮ್ಮ ಸಿಕ್ಕಿದರು. ಮೈಸೂರಿನ ಬಸ್ ನಿಲ್ದಾಣದಲ್ಲೇ ಇದ್ದರು. ಬಂದ ಬಂದ ಬಸ್ಸಿನ ಮೂರನೇ ಕಿಟಕಿಯ ಜೊತೆ ಓಡಿ, ಒಳಗೆ ಇಣುಕಿ, ಮತ್ತೆ ಕಂಬದ ಹತ್ತಿರ ಬಂದು ನಿಲ್ಲುತ್ತಿದ್ದರಂತೆ. ಯಾರೋ ಇಡ್ಲಿ ಕೊಟ್ಟಿದ್ದರು, ತಿಂದಿರಲಿಲ್ಲ. ಕಾಲು ಊದಿತ್ತು.

ಹಾಸನದಿಂದ ಅಣ್ಣ ಬಂದರು. ಬೈಯಲಿಲ್ಲವಂತೆ. “ನೀನು ಕೆಲಸಕ್ಕೆ ಹೋಗ್ಬೇಕು, ಇವನನ್ನ ಬೀದಿಲಿ ಬಿಟ್ಟು ಎಷ್ಟು ದಿನ ಅಂತ” ಎಂದು ಇಷ್ಟೇ ಹೇಳಿ ತಮ್ಮನನ್ನು ಕರೆದುಕೊಂಡು ಹೋದರು. ಹೋಗುವಾಗ ಆ ತಮ್ಮ, ಅಕ್ಕನ ಊಟದ ಕ್ಯಾರಿಯರ್ ಬಿಡಲಿಲ್ಲ. ಎದೆಗವುಚಿಕೊಂಡೇ ಬಸ್ಸು ಹತ್ತಿದರಂತೆ.

ಮೇಡಂ ಕಚೇರಿಗೆ ಬಂದ ದಿನ ಕಾರ್ಯದರ್ಶಿಯವರೇ ಎದ್ದು ಬಂದರು. ಲೆಕ್ಕ ಆಗಲೇ ಮುಗಿದಿತ್ತು. “ನೀವು ಇಲ್ಲೇ ಇರ್ತೀರಿ ಮೇಡಂ. ಕಾಟಾ ನಿಮ್ ಕಡೀಕೇ ಹೇಳೈತೆ. ಆ ಹುಡುಗ ನಾಗಮಂಗಲಕ್ಕೆ ಹೋಗ್ತಾನೆ. ಏನೂ ಯೋಚ್ನೆ ಮಾಡ್ಬೇಡಿ.” ಹುಡುಗ ತನ್ನ ಮೇಜಿನ ಮೇಲೆ ಬಗ್ಗಿ ಏನನ್ನೋ ಹುಡುಕುತ್ತಿದ್ದ. ಮೇಡಂ ಕೈ ಮುಗಿದರು. ನೀಲಿ ಕವರು ತೆಗೆದು ಮಡಚಿ ಡ್ರಾಯರಿಗೆ ಹಾಕಿ ಕಂಪ್ಯೂಟರಿನ ಮುಂದೆ ಕೂತರು. ಹೊಸ ಫೈಲು ತೆರೆದರು.

ನಾನು ಎದುರು ಮೇಜಿನಲ್ಲಿದ್ದೆ. ಕೀಲಿಗಳ ಸದ್ದು ಕೇಳಲಿಲ್ಲ. ಟೀ ಬಂತು, ತಣ್ಣಗಾಯಿತು. ಅವರು ಏಳಲಿಲ್ಲ. ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು ನೋಡಿ ಏನೂ ತಮಾಷೆ ಮಾಡದೆ ಹೋದರು. ಊಟದ ಹೊತ್ತಾಯಿತು. ಮೇಡಂ ಡಬ್ಬಿ ತಂದಿರಲಿಲ್ಲ. ನಾನು ನನ್ನದನ್ನು ತೆರೆಯಲಿಲ್ಲ... ಎರಡು ಗಂಟೆಗೆ ಸ್ವಲ್ಪ ಹೊತ್ತು ಕೀಲಿಗಳ ಸದ್ದು ಬಂತು. ಒಂದೇ ಓಟ, ತಡೆಯಿಲ್ಲದೆ. ಆಮೇಲೆ ಪ್ರಿಂಟು ತೆಗೆದು ಸಹಿ ಹಾಕಿ ಒಳಗೆ ತೆಗೆದುಕೊಂಡು ಹೋದರು.

ನನಗೆ ಅಭ್ಯಾಸವಾಗಿಬಿಟ್ಟಿತ್ತು, ಫೈಲಿನ ವಿವರ ತೆರೆದೆ. ಪತ್ರ ಎರಡೇ ಸಾಲು: ನಾಗಮಂಗಲದ ಶಾಖೆಗೆ ನನ್ನ ಸ್ವಂತ ಕೋರಿಕೆಯ ಮೇಲೆ ನನ್ನನ್ನು ವರ್ಗಾಯಿಸಬೇಕಾಗಿ ವಿನಂತಿ. ನಿಮಿಷ, ಇನ್ನೂರ ನಲವತ್ತೊಂದು. ಈ ಸಲ ಅವರು ಎಲ್ಲಿಗೂ ಎದ್ದು ಹೋಗಿರಲಿಲ್ಲ. ಗಾಡಿಯಲ್ಲಿ ಕಬ್ಬೇ ಇರಲಿಲ್ಲ, ಇದ್ದದ್ದೆಲ್ಲ ಮೇಲೆ ಕೂತವರ ತೂಕ.

“ಯಾಕೆ ಮೇಡಂ?” ಎಂದು ಸಂಜೆ ಕೇಳಿದೆ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿದ್ದೆ.

“ಆ ಬಸ್ಸಲ್ಲಿ ನನ್ನ ಕೈಲಿ ಇಳಿಯಕ್ಕಾಗಲ್ಲ ಕಣೇ” ಎಂದರು. “ನೆನ್ನೆ ಸಂಜೆ ಊರೊಳಗೆ ಹೋಗಿ ಬರೋವಾಗ ಇದೇ ಬಸ್ಸು ಬಂತು. ಮೂರನೇ ಕಿಟಕಿ ಪಕ್ಕದಲ್ಲಿ ನಾನೇ ನಾಲ್ಕು ಹೆಜ್ಜೆ ಓಡಿದೆ. ಯಾಕೆ ಓಡಿದೆ ಅಂತ ಗೊತ್ತಿಲ್ಲ.”

ಅವರು ಬಸ್ಸು ಹತ್ತಿದರು. ಬಲಗಡೆ ಕೂತರು.

ಸಂಕ್ರಾಂತಿಗೆ ಮೊದಲೇ ನಾಗಮಂಗಲಕ್ಕೆ ಹೊರಟರು. ಟೈಪ್‌ರೈಟರನ್ನು ಅದರ ನೀಲಿ ಕವರಿನ ಸಮೇತ ಗೋಣಿಯಲ್ಲಿ ಸುತ್ತಿ ಅಟೆಂಡರ್ ಅಣ್ಣ ಬಸ್ಸಿನ ಮುಂದಿನ ಸೀಟಿನಡಿ ಇಟ್ಟರು. ಚಿನಕುರಳಿಯ ಹುಡುಗ ಬಂದು ಅವರ ಕಾಲು ಮುಟ್ಟಿದ. “ಮಗು ಹುಟ್ಟಿದ ಮೇಲೆ ಹೇಳಿ ಕಳ್ಸೋ” ಎಂದರು ಅವನಿಗೆ. ನನಗೆ ಏನೂ ಹೇಳಲಿಲ್ಲ, ಕೆನ್ನೆ ತಟ್ಟಿದರು. ಕೈಯಲ್ಲಿ ಎಣ್ಣೆಯ ವಾಸನೆ. ಆ ದಿನದ ‘ಮಾತು’ ಕಲಮಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟಿದ್ದೇನೆ. ಇಡೀ ಡೈರಿಯಲ್ಲಿ ಖಾಲಿ ಇರುವುದು ಅದೊಂದೇ ಜಾಗ. ಮರುದಿನದಿಂದ ಮತ್ತೆ ಸೊನ್ನೆ.

ಆಮೇಲಿನ ವರ್ಷ ಕಚೇರಿಗೆ ಹೊಸ ಕಂಪ್ಯೂಟರು ಬಂತು. ನೀಲಿ ಕವರು ಅದಕ್ಕೆ ಚಿಕ್ಕದಾಯಿತು, ನಾನು ಮನೆಗೆ ತಂದೆ. ಅದಕ್ಕೂ ಮೊದಲು, ಮೇಡಂ ಹೋದ ವರ್ಷದ ಬೇಸಿಗೆಯಲ್ಲೇ, ಕೆಲಸದ ಮೇಲೆ ನಾಗಮಂಗಲಕ್ಕೆ ಹೋಗುವುದಿತ್ತು. ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಜೋಡಿಸಿಕೊಂಡು ಹೋಗಿದ್ದೆ. ಚಿನಕುರಳಿಯ ಹುಡುಗನಿಗೆ ಮಗಳು ಎಂಬ ಸುದ್ದಿಯೂ ಇತ್ತು. ಶಾಖೆಯ ಮೂಲೆಯಲ್ಲಿ ಟೈಪ್‌ರೈಟರ್ ಇತ್ತು, ಮೇಲೆ ಕವರು ಇರಲಿಲ್ಲ, ಕೀಲಿಗಳ ನಡುವೆ ಧೂಳು. ಮುಂದೆ ಯಾರೂ ಇರಲಿಲ್ಲ.

“ಅವ್ರು ಬುಟ್ಬುಟ್ರಲ್ಲವ್ವಾ” ಎಂದರು ಅಲ್ಲಿಯ ಜವಾನರು. “ಎಲ್ಡು ತಿಂಗ್ಳಾಯ್ತು. ಸರ್ವೀಸು ಇನ್ನೂ ಇತ್ತು, ರಾಜೀನಾಮೆ ಕೊಟ್ಬುಟ್ಟು ಒಂಟೋದ್ರು. ತಮ್ಮ ಉಣ್ಣಾದೇ ಬುಟ್ಟವ್ನೆ ಅಂತಿದ್ರು.”

“ಹಾಸನಕ್ಕಾ?”

“ಎಲ್ಲೀಗೆ ಅಂತ ಯೋಳ್ಲಿಲ್ಲ ಕಣವ್ವಾ. ನಾವೂ ಕೇಳ್ಲಿಲ್ಲ.”

ಶ್ರೀರಂಗಪಟ್ಟಣದ ಮನೆಗೆ ಬೇರೆಯವರು ಬಂದಿದ್ದರು. ಹೂವಿನ ಹೆಂಗಸಿಗೂ ಗೊತ್ತಿರಲಿಲ್ಲ. ಹಾಸನದ ಅಣ್ಣನ ವಿಳಾಸವನ್ನು ನಾನೆಂದೂ ಬರೆದುಕೊಂಡಿರಲಿಲ್ಲ. ಎಲ್ಲವನ್ನೂ ಬರೆದಿಡುವ ನಾನು...

ಈಗ ನಾನಿರುವುದು ಕೆ.ಆರ್. ಪೇಟೆಯ ಶಾಖೆಯಲ್ಲಿ. ಇದನ್ನು ಸಂಜೆ ಎಲ್ಲರೂ ಹೋದ ಮೇಲೆ ಇಲ್ಲಿನ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದೇನೆ. ಈಗಷ್ಟೇ ವಿವರ ತೆರೆದು ನೋಡಿದೆ. ನಾನು ಬರೆದ ಸಾಲುಗಳಿಗೂ ಅಲ್ಲಿರುವ ನಿಮಿಷಗಳಿಗೂ ತಾಳೆಯೇ ಇಲ್ಲ. ನಡುನಡುವೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಿದ್ದೆ. ಕಚೇರಿಯ ಎದುರಿಗೇ ಬಸ್ಸು ನಿಲ್ಲುತ್ತದೆ. ಇಳಿದವರನ್ನು ಕರೆದುಕೊಂಡು ಹೋಗಲು ಬಂದವರು ಚೀಲ ಇಸಿದುಕೊಳ್ಳುತ್ತಾರೆ, ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ನನ್ನ ಕಣ್ಣು ತಾನಾಗಿಯೇ ಎಡಗಡೆಯ ಮೂರನೇ ಕಿಟಕಿಗೆ ಹೋಗುತ್ತದೆ. ಇವತ್ತು ಅಲ್ಲಿ ಒಬ್ಬ ಮುದುಕರು ನಿದ್ದೆ ಹೋಗಿದ್ದರು. ನಾಳೆಯಿಂದ ನಾನೇ ಕಾಯುತ್ತೇನೆ ಎಂದು ಒಬ್ಬರು ನನಗೆ ಒಮ್ಮೆ ಮಾತು ಕೊಟ್ಟಿದ್ದರು. ಆ ಮಾತು ಅವರಿಗೆ ನೆನಪಿದೆಯೋ ಇಲ್ಲವೋ.

ಬಸ್ಸು ಹೋದ ಮೇಲೆ ಹಿಂತಿರುಗಿ ಬಂದು ಕೂತೆ. ಪರದೆಯ ಮೇಲೆ ಹಾಳೆ ಬಿಟ್ಟ ಹಾಗೇ ಇತ್ತು. ನಾನು ಅದನ್ನು ಇಳಿಸಿರಲಿಲ್ಲ.